ಕೋವಿ ಹಿಡಿದವರೇ ಕ್ಯಾಮೆರಾ ನಡೆಸುವುದು ಹೇಗೆ?

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಕಾಫಿ ತೋಟ. ಹೊರದೇಶದವರು ತಮ್ಮ ಬೇಟೆಯನ್ನು ತಾವೇ ಚಿತ್ರೀಕರಿಸಿಕೊಳ್ಳುವ ವಿಡಿಯೊಗಳನ್ನು ತುಂಬ ನೋಡುತ್ತೇನೆ. ನಮ್ಮ ತೋಟಕ್ಕೆ ನುಗ್ಗುವ ಹಂದಿಗಳನ್ನು ಹಾಗೆ ಚಿತ್ರೀಕರಿಸಬೇಕೆಂಬ ಆಸೆ ಇದೆ. ಕೋವಿಗೆ ಪೂಜೆ ಮಾಡುವ ಕೊಡವರ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನೂ ಚೆನ್ನಾಗಿ ತೆಗೆಯಬೇಕು. ಕಳೆದ ಸಲ ಫೋನಿನಲ್ಲಿ ತೆಗೆದಾಗ ಕಾಯಿ ಕಾಣಲೇ ಇಲ್ಲ, ಗುಂಡಿನ ಶಬ್ದ ಬರೀ ‘ಟಪ್’ ಎಂದಿತು. ಕ್ಯಾಮೆರಾ ಹಿಡಿಯಲು ಜೊತೆಗೆ ಯಾರೂ ಇರುವುದಿಲ್ಲ. ಕೋವಿಗೇ ಕ್ಯಾಮೆರಾ ಕಟ್ಟಬಹುದೇ?

ಉತ್ತರ: ಮೊದಲು ಹಂದಿಯ ಮಾತು ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸಿದೆ. ತೋಟ ನಿಮ್ಮದೇ ಆದರೂ ಹಂದಿ ನಿಮ್ಮದಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಕೊಂದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳೆ ಹಾಳು ಮಾಡುವ ಹಂದಿಯ ವಿಷಯದಲ್ಲೂ ಅರಣ್ಯ ಇಲಾಖೆಯ ಲಿಖಿತ ಆದೇಶವಿಲ್ಲದೆ ಕೋವಿ ಎತ್ತುವಂತಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ (2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ) ಕೋವಿಯ ಪರವಾನಗಿಗೆ ಮಾತ್ರ ಸಂಬಂಧಿಸಿದ್ದು. ಬೇಟೆಗೆ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ.

ಇಲ್ಲಿ ಹಲವರು ಗಮನಿಸದ ಒಂದು ಅಂಶವಿದೆ. ಕಾಯ್ದೆ ಹೇಳುವ ‘ಬೇಟೆ’ಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಹಳು ಸೋವಿ ಪ್ರಾಣಿಯನ್ನು ಹೊರಡಿಸುವುದು, ಆಹಾರದ ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದೂ ಸೇರಿದೆ. ಹಾಗಾಗಿ ಕ್ಯಾಮೆರಾ ಎದುರಿಗೆ ಹಲಸಿನ ಹಣ್ಣೋ ಉಪ್ಪೋ ಇಟ್ಟು ಹಂದಿ ಕರೆಸುವ ಯೋಚನೆ ಬಿಡಿ. ನಾಯಿ ಬಿಟ್ಟು ಓಡಿಸಿ ಚಿತ್ರ ತೆಗೆಯುವುದಂತೂ ಬೇಡವೇ ಬೇಡ. ರಾತ್ರಿ ತೋಟದಲ್ಲಿ ಕ್ಯಾಮೆರಾದ ಜೊತೆ ಹೆಡ್‌ಲೈಟೂ ಕೋವಿಯೂ ಇದ್ದರೆ ನೀವು ಚಿತ್ರಕ್ಕಾಗಿ ಬಂದವರು ಎಂದು ಯಾರೂ ನಂಬುವುದಿಲ್ಲ. ಹಂದಿಯ ಹಿಂದೆ ಹೋಗುವ ದಿನ ಕೋವಿ ಮನೆಯಲ್ಲೇ ಇರಲಿ.

ಇಷ್ಟಾದ ಮೇಲೆ ಉಳಿಯುವುದು ಕಡಿಮೆಯೇನಲ್ಲ. ಬೇಟೆಯ ವಿಡಿಯೊದಲ್ಲಿ ನೋಡುಗರನ್ನು ಹಿಡಿದು ಕೂರಿಸುವುದು ಹೆಜ್ಜೆ ಹುಡುಕುವುದು, ಗಾಳಿ ನೋಡುವುದು, ಕಾಯುವುದು. ಅವೆಲ್ಲ ನಿಮ್ಮ ತೋಟದಲ್ಲೇ ಸಿಗುತ್ತವೆ. ಗುಂಡಿನ ಸದ್ದು, ಗುರಿ, ಸಿಡಿತ ತೆಂಗೆ ಬೊಡಿಯಲ್ಲಿ, ಅಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಸಿಗುತ್ತವೆ. ಎರಡಕ್ಕೂ ತಯಾರಿ ಬೇರೆ ಬೇರೆ. ನಿಮಗೆ ಹೆಚ್ಚು ತೊಂದರೆ ಆಗಿರುವುದು ತೆಂಗೆ ಬೊಡಿಯಲ್ಲಿ, ಹಾಗಾಗಿ ಅದನ್ನೇ ವಿವರವಾಗಿ ನೋಡೋಣ.

ಕಾಯಿ ಏಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. 12 ಬೋರ್ ಕೋವಿಗೆ ಸಾಮಾನ್ಯವಾಗಿ 30 ಮೀಟರ್, .22 ರೈಫಲ್‌ಗೆ 50 ಮೀಟರ್ ದೂರದಲ್ಲಿ ಕಾಯಿ ಕಟ್ಟುತ್ತಾರೆ. ಫೋನಿನ ಮಾಮೂಲಿ ಲೆನ್ಸು 30 ಮೀಟರ್ ದೂರದಲ್ಲಿ ಸುಮಾರು 40 ಮೀಟರ್ ಅಗಲದ ನೋಟವನ್ನು ಹಿಡಿಯುತ್ತದೆ. 1080 ರೆಸಲ್ಯೂಶನ್‌ನಲ್ಲಿ ಆ ಅಗಲಕ್ಕೆ ಇರುವುದು 1920 ಪಿಕ್ಸೆಲ್. ಸುಲಿದ ಕಾಯಿ 12 ಸೆಂಟಿಮೀಟರ್ ಇದ್ದರೆ ಅದರ ಪಾಲಿಗೆ ಐದಾರು ಪಿಕ್ಸೆಲ್ ಬರುತ್ತದೆ. 4ಕೆಗೆ ಹೋದರೂ ಹನ್ನೊಂದು. ಐದು ಪಟ್ಟು ಜೂಮ್ ಲೆನ್ಸಿರುವ ಫೋನಿನಲ್ಲೂ 1080ರಲ್ಲಿ ಇಪ್ಪತ್ತೈದರ ಆಸುಪಾಸು. ಅದೇ ಫೋನನ್ನು ಕಾಯಿಯಿಂದ 3 ಮೀಟರ್ ಪಕ್ಕದಲ್ಲಿಟ್ಟು 2 ಪಟ್ಟು ಲೆನ್ಸಿನಲ್ಲಿ ತೆಗೆದರೆ ನೂರಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ದುಬಾರಿ ಕ್ಯಾಮೆರಾ ಕೊಳ್ಳುವ ಮೊದಲು ಈಗಿರುವ ಫೋನನ್ನು ಕಾಯಿಯ ಹತ್ತಿರ ಒಯ್ಯಿರಿ.

ಒಬ್ಬರೇ ಇರುವಾಗ ಎರಡು ಕ್ಯಾಮೆರಾ, ಒಂದು ಧ್ವನಿ ರೆಕಾರ್ಡರ್ ಸಾಕು. ಮೂರನೆಯ ಕ್ಯಾಮೆರಾ ಸೇರಿಸಿದರೆ ಚಾಲೂ ಮಾಡುವುದನ್ನು ಮರೆಯುವ ಅವಕಾಶವೂ ಸೇರುತ್ತದೆ.

ಮೊದಲ ಕ್ಯಾಮೆರಾ ನಿಮ್ಮ ಮುಖಕ್ಕೆ. ಬಲಗೈಯವರು ಕೋವಿ ಹೆಗಲಿಗೆ ಕೊಟ್ಟಾಗ ಕೆನ್ನೆ ಬಟ್ಟಿನ (ಕೋವಿಯ ಹಿಂಬದಿಯ ಮರದ) ಎಡಬದಿಗೆ ಒತ್ತಿರುತ್ತದೆ. ಆದ್ದರಿಂದ ಮುಖ ತೆರೆದು ಕಾಣುವುದು ಎಡದಿಂದಲೇ. ಬಲದಿಂದ ತೆಗೆದರೆ ಬಟ್ಟು, ತೋಳು ಅಡ್ಡ ಬರುತ್ತವೆ; ಅರೆ ಸ್ವಯಂಚಾಲಿತ ರೈಫಲ್ ಆದರೆ ಖಾಲಿ ತೋಟೆ ಆ ಕಡೆಗೇ ಚಿಮ್ಮುತ್ತದೆ; ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪು ಸಿಡಿಸುವ ಹಳೆಯ ಕೇಪಿನ ಕೋವಿಯಾದರೆ ಕೇಪಿನ ಚೂರು, ಕಿಡಿ ಸಾಮಾನ್ಯವಾಗಿ ಆ ಬದಿಗೇ ಹಾರುತ್ತವೆ. ಟ್ರೈಪಾಡನ್ನು ಎಡಕ್ಕೆ 2 ಮೀಟರ್ ದೂರದಲ್ಲಿ, ನಿಮ್ಮ ಕೆನ್ನೆಯ ಎತ್ತರಕ್ಕೆ, ಮುಖಕ್ಕಿಂತ ಅರ್ಧ ಮೀಟರ್ ಮುಂದೆ ಇಡಿ. 28–30 ಇಂಚು ನಳಿಗೆಯ ಕೋವಿಯಲ್ಲಿ ನಳಿಗೆಯ ಬಾಯಿ ಮುಖದಿಂದ ಸುಮಾರು ಒಂದು ಮೀಟರ್ ಮುಂದಿರುತ್ತದೆ, ಹಾಗಾಗಿ ಕ್ಯಾಮೆರಾ ಬಾಯಿಯ ಹಿಂದೆಯೇ ಉಳಿಯುತ್ತದೆ. ಬಾಯಿಯ ಸಾಲಿಗೆ ಬಂದರೆ ಗಾಳಿಯ ಹೊಡೆತಕ್ಕೇ ಟ್ರೈಪಾಡ್ ಅಲುಗಿ ಚಿತ್ರ ನಡುಗುತ್ತದೆ. ಎಡಗೈಯವರು ಮುಖದ ಲೆಕ್ಕವನ್ನು ತಿರುಗಿಸಿಕೊಳ್ಳಬೇಕು. ಆದರೆ ಖಾಲಿ ತೋಟೆ, ಕೇಪಿನ ಕಿಡಿ ಬಲಕ್ಕೇ ಹಾರುವುದರಿಂದ ಟ್ರೈಪಾಡನ್ನು ಇನ್ನಷ್ಟು ದೂರ ಸರಿಸಿ.

ಎರಡನೆಯದು ಕಾಯಿಯ ಪಕ್ಕದ ಫೋನು. 12 ಬೋರಿನ ತೋಟೆಯಿಂದ ಹೊರಡುವ ಸಣ್ಣ ಗುಂಡುಗಳು, ಅಂದರೆ ಚರೆ, 30 ಮೀಟರಿನಲ್ಲಿ ಸುಮಾರು 80 ಸೆಂಟಿಮೀಟರ್ ಅಗಲಕ್ಕೆ ಹರಡುತ್ತದೆ. ನಳಿಗೆಯ ಚೋಕ್ (ಬಾಯಿಯ ಹತ್ತಿರ ಕಿರಿದಾಗುವ ಭಾಗ) ನೋಡಿಕೊಂಡು ಇದು ಹೆಚ್ಚುಕಡಿಮೆ. ಅಂಚಿನ ಒಂದೆರಡು ಚರೆ ಇನ್ನೂ ಆಚೆ ಹೋಗುವುದರಿಂದ 3 ಮೀಟರ್ ಕನಿಷ್ಠ ದೂರ. ಮಣ್ಣು ತುಂಬಿದ ಎರಡು ಗೋಣಿಚೀಲಗಳನ್ನು ಕೋವಿಯ ಕಡೆಗೆ ಅಡ್ಡ ಜೋಡಿಸಿ, ಅದರ ಮರೆಯಲ್ಲಿ ಫೋನನ್ನು ಕಾಯಿಯ ಕಡೆಗೆ ಮುಖ ಮಾಡಿ ನಿಲ್ಲಿಸಿ. ಲೆನ್ಸಿನ ಮುಂದೆ ತೆಳು ಅಕ್ರಿಲಿಕ್ ಹಾಳೆ ಇರಲಿ. ಕಾಯಿಯ ಹಿಂದೆ ಕಲ್ಲು ಇದ್ದರೆ ಅಲ್ಲಿ ಚಿತ್ರೀಕರಣವೂ ಬೇಡ, ಗುಂಡೂ ಬೇಡ, ಏಕೆಂದರೆ ಚರೆ ವಾಪಸ್ ಹಾರುತ್ತದೆ. ಮೆದು ಮಣ್ಣಿನ ದಿಬ್ಬ ಬೇಕು. .22 ಗುಂಡು ತಡೆಯಿಲ್ಲದೆ ಹೋದರೆ ಒಂದೂವರೆ ಕಿಲೋಮೀಟರಿನಾಚೆಗೂ ಹೋಗಬಲ್ಲದು ಎಂಬುದನ್ನು ನೆನಪಿಡಿ. ಮರದ ತುದಿಗೆ ಕಾಯಿ ಕಟ್ಟಿ ರೈಫಲ್ಲಿನಲ್ಲಿ ಹೊಡೆಯುವ ದೃಶ್ಯ ಎಷ್ಟೇ ಚೆನ್ನಾಗಿ ಕಂಡರೂ ತಪ್ಪಿದ ಗುಂಡು ಯಾರ ತೋಟದಲ್ಲಿ ಇಳಿಯುತ್ತದೋ ಹೇಳಲಾಗದು.

ಸಿಡಿತ ಕಾಣಬೇಕಾದರೆ ಕಾಯಿಯ ಸಿಪ್ಪೆ ಸುಲಿದಿರಬೇಕು, ಒಳಗೆ ನೀರಿರಬೇಕು. ಸಿಪ್ಪೆಯಿರುವ ಕಾಯಿ ಚರೆಯನ್ನು ನುಂಗಿಕೊಂಡು ಒಂದಿಷ್ಟು ನಾರು, ಧೂಳು ಉದುರಿಸುತ್ತದೆ ಅಷ್ಟೆ. ಹಿನ್ನೆಲೆ ಕಡುಬಣ್ಣದ್ದಾಗಿರಲಿ: ಕೆಂಪು ಮಣ್ಣಿನ ದಿಬ್ಬ ಅಥವಾ ನೆರಳಿನಲ್ಲಿರುವ ಕಾಫಿ ಗಿಡ. ಆಕಾಶ ಹಿನ್ನೆಲೆಯಾದರೆ ನೀರಿನ ಹನಿ ಬಿಳಿಯಲ್ಲಿ ಬಿಳಿಯಾಗಿ ಕರಗಿಹೋಗುತ್ತದೆ. ಬೆಳಕು ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಬಿದ್ದರೆ ಹನಿ ಹನಿಯೂ ಹೊಳೆಯುತ್ತದೆ.

ನಿಧಾನಗತಿಗೆ ಸೆಕೆಂಡಿಗೆ 240 ಫ್ರೇಮ್ ಆಯ್ದುಕೊಳ್ಳಿ. 12 ಬೋರಿನ ಚರೆ 30 ಮೀಟರ್ ದಾಟಲು ಹತ್ತಿರಹತ್ತಿರ 0.09 ಸೆಕೆಂಡ್ ಸಾಕು. ಮಾಮೂಲಿ 30 ಫ್ರೇಮಿನಲ್ಲಿ ಅದು ಮೂರು ಫ್ರೇಮ್‌ಗಳಷ್ಟೇ, ಕಾಯಿ ಒಂದರಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. 240ರಲ್ಲಿ ಬಿರುಕು ಬಿಡುವುದು, ನೀರು ಹೊರಬರುವುದು, ಚಿಪ್ಪು ತಿರುಗುತ್ತ ಹೋಗುವುದು ಬೇರೆ ಬೇರೆಯಾಗಿ ಕಾಣುತ್ತವೆ. ಶಟರ್ 1/1000 ಆಸುಪಾಸು ಇರಬೇಕು, ಇಲ್ಲದಿದ್ದರೆ ಚೂರುಗಳು ಗೆರೆಗಳಾಗುತ್ತವೆ. ಇಷ್ಟು ಚುರುಕಾದ ಶಟರಿಗೆ ತುಂಬ ಬೆಳಕು ಬೇಕು. ಸೆಪ್ಟೆಂಬರಿನ ಮೋಡದಲ್ಲಿ ಹನ್ನೊಂದರಿಂದ ಮೂರು ಗಂಟೆಯ ನಡುವೆ ಬಿಟ್ಟರೆ ಚಿತ್ರದಲ್ಲಿ ಕಾಳು ಕಾಳು ಎದ್ದು ಬರುತ್ತದೆ. ಫೋಕಸ್ಸನ್ನೂ ಬೆಳಕಿನ ಅಳತೆಯನ್ನೂ ಕಾಯಿಯ ಮೇಲೆ ಬೆರಳೊತ್ತಿ ಲಾಕ್ ಮಾಡಿ. ಮರೆತರೆ ಗಾಳಿಗೆ ಅಲುಗಿದ ಎಲೆಯ ಹಿಂದೆ ಫೋಕಸ್ ಓಡಿ, ಬೇಕಾದ ಕ್ಷಣವೇ ಮಸುಕಾಗುತ್ತದೆ. ಈ ವೇಗದಲ್ಲಿ ಒಂದು ನಿಮಿಷಕ್ಕೆ ಸುಮಾರು ಅರ್ಧ ಜಿಬಿ ಜಾಗ ಹಿಡಿಯುತ್ತದೆ. ಬ್ಲೂಟೂತ್ ರಿಮೋಟ್ 30 ಮೀಟರಿಗೆ ನಂಬುವಂಥದ್ದಲ್ಲ. ಕೈಯಿಂದಲೇ ಚಾಲೂ ಮಾಡಿ ನಡೆದು ಬನ್ನಿ. ನಾಲ್ಕೈದು ನಿಮಿಷ ಓಡಿದರೂ ಹೋಗುವುದು ಎರಡೂವರೆ ಜಿಬಿ.

ಇನ್ನು ಕೋವಿಗೆ ಕ್ಯಾಮೆರಾ ಕಟ್ಟುವ ಪ್ರಶ್ನೆ. ಕಟ್ಟಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಅಗಲ ನೋಟದ ಆ ಪುಟ್ಟ ಕ್ಯಾಮೆರಾದಲ್ಲಿ ಕಾಯಿ ಚುಕ್ಕೆಯೂ ಅಲ್ಲ. ನಳಿಗೆ, ಆಕಾಶ ಎರಡೇ ತುಂಬಿರುತ್ತವೆ. ನೂರೈವತ್ತು ಗ್ರಾಂ ತೂಕ ನಳಿಗೆಯ ತುದಿಯಲ್ಲಿ ಕೂತರೆ ಕೋವಿಯ ಸಮತೋಲ ಕೆಡುತ್ತದೆ. .22 ರೈಫಲ್ಲಿನ ನಳಿಗೆಗೆ ಕ್ಲಾಂಪ್ ಬಿಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ, ಸ್ಪರ್ಧೆಯ ದಿನ ಇದು ಬೇಡ. ಕೋವಿ ಒದ್ದಾಗ ಚಿತ್ರ ಜೆಲ್ಲಿಯಂತೆ ಬಳುಕುವುದು ಸೆನ್ಸರು ಸಾಲು ಸಾಲಾಗಿ ಓದುವುದರಿಂದ. ಎಲೆಕ್ಟ್ರಾನಿಕ್ ಸ್ಥಿರೀಕರಣ ಚಾಲೂ ಇದ್ದರೆ ಅದು ಇನ್ನಷ್ಟು ವಿಕಾರವಾಗುತ್ತದೆ, ಆರಿಸಿಬಿಡಿ. ಕಟ್ಟಲೇಬೇಕೆಂದರೆ ಬಾಯಿಯಿಂದ ಆದಷ್ಟು ಹಿಂದೆ, ಮುಂಗೈ ಹಿಡಿಯುವ ಮರದ ಭಾಗದ ಬದಿಗೆ, ರಬ್ಬರ್ ಪಟ್ಟಿ ಇಟ್ಟು ಕಟ್ಟಿ. ಗುರಿಯ ಗೆರೆಗೆ ಅಡ್ಡ ಬರಬಾರದು. ಎರಡು ಗುಂಡಿಗೊಮ್ಮೆ ಸ್ಕ್ರೂ ಬಿಗಿ ನೋಡಿ, ಬಿದ್ದರೆ ಹಿಡಿಯಲು ಒಂದು ದಾರ ಇರಲಿ. ಕೇಪಿನ ಕೋವಿಗೆ ಮಾತ್ರ ಬೇಡ. ಕರಿಮದ್ದಿನ ಮಸಿ ತೇವ ಹೀರಿ ಲೋಹವನ್ನು ತಿನ್ನುತ್ತದೆ, ಕ್ಯಾಮೆರಾದ ಸಂದುಗಳಲ್ಲಿ ಕೂತರೆ ತೆಗೆಯುವುದು ಕಷ್ಟ.

ನಿಮ್ಮ ಕಣ್ಣಿನ ನೋಟವೇ ಬೇಕಾದರೆ ಟೋಪಿಗೆ ಸಿಕ್ಕಿಸುವ ಕ್ಯಾಮೆರಾ ಮೇಲು. ಕೆನ್ನೆ ಬಟ್ಟಿಗೆ ಒತ್ತಿದಾಗ ತಲೆ ಬಲಕ್ಕೆ ವಾಲಿ ಮುಂದಕ್ಕೆ ಬಾಗುತ್ತದೆ, ಕ್ಯಾಮೆರಾ ನೆಲ ನೋಡುತ್ತದೆ. ಖಾಲಿ ಕೋವಿ ಹೆಗಲಿಗೆ ಕೊಟ್ಟು ನಿಂತು, ಫೋನಿನ ಪರದೆಯಲ್ಲಿ ನೋಟ ನೋಡಿ, ಕ್ಯಾಮೆರಾವನ್ನು ಮೇಲಕ್ಕೂ ಎಡಕ್ಕೂ ಅಷ್ಟೇ ವಾಲಿಸಿ. ಎದೆಗೆ ಕಟ್ಟುವ ಪಟ್ಟಿ ದಂಡ, ಎಡತೋಳೇ ಪೂರ್ತಿ ಮುಚ್ಚುತ್ತದೆ.

ಒಬ್ಬರೇ ಚಿತ್ರೀಕರಿಸುವಾಗ ಅಪಾಯ ಬರುವುದು ಗಮನ ಎರಡು ಕಡೆ ಹರಿಯುವುದರಿಂದ. ಅದಕ್ಕೊಂದು ಕ್ರಮ ಮಾಡಿಕೊಳ್ಳಿ, ಪ್ರತಿ ಸಲವೂ ಅದೇ ಕ್ರಮ. ಎಲ್ಲ ಕೋವಿಗಳೂ ತೆರೆದು, ಖಾಲಿಯಾಗಿ ಮೇಜಿನ ಮೇಲಿದ್ದಾಗ ಕಾಯಿಯ ಹತ್ತಿರ ಹೋಗಿ ಫೋನು ಚಾಲೂ ಮಾಡಿ. ವಾಪಸ್ ಬಂದು ರೆಕಾರ್ಡರ್, ನಂತರ ಮುಖದ ಕ್ಯಾಮೆರಾ. ಆಮೇಲೆ ಚಿತ್ರ, ಧ್ವನಿ ಜೋಡಿಸಲು ಕೈ ಮೇಲೆತ್ತಿ ಜೋರಾಗಿ ಒಂದು ಚಪ್ಪಾಳೆ. ಕಿವಿಗೆ ಮಫ್ ಹಾಕಿ, ಸುತ್ತ ನೋಡಿ, ಕೊನೆಗೆ ತೋಟೆ ಹಾಕಿ. ತೋಟೆ ಒಳಗೆ ಹೋದ ಮೇಲೆ ಯಾವ ಕ್ಯಾಮೆರಾವನ್ನೂ ಮುಟ್ಟುವಂತಿಲ್ಲ. ಕೆಂಪು ದೀಪ ಆರಿದ್ದು ಕಂಡರೆ ಹಾಗೇ ಹೊಡೆದುಬಿಡಿ, ಇಲ್ಲವೇ ತೋಟೆ ತೆಗೆದು ಕೋವಿ ಕೆಳಗಿಟ್ಟು ಮತ್ತೆ ಮೊದಲಿನಿಂದ ಬನ್ನಿ. ಆಕ್ಷನ್ ಕ್ಯಾಮೆರಾಗಳಲ್ಲಿ ಗುಂಡಿ ಒತ್ತುವ ಮೊದಲಿನ 15 ಅಥವಾ 30 ಸೆಕೆಂಡನ್ನು ಉಳಿಸಿಕೊಡುವ ಸೌಲಭ್ಯ ಇದ್ದರೆ ಬಳಸಿ. ಗುಂಡು ಹೊಡೆದು ಕೋವಿ ಖಾಲಿ ಮಾಡಿದ ಮೇಲೆ ನಿಧಾನವಾಗಿ ಒತ್ತಿದರೆ ಆಯಿತು. ಕ್ಯಾಮೆರಾಕ್ಕಾಗಿ ಗಾಳಿಯಲ್ಲಿ ಗುಂಡು ಹಾರಿಸುವುದು ಬೇಡ. 2019ರ ಆಯುಧ ತಿದ್ದುಪಡಿ ಕಾಯ್ದೆಯಂತೆ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ವಿಡಿಯೊ ನಿಮ್ಮ ವಿರುದ್ಧ ನೀವೇ ಒದಗಿಸುವ ಸಾಕ್ಷಿಯಾಗುತ್ತದೆ.

ಈಗ ಆ ‘ಟಪ್’ ಶಬ್ದ. 12 ಬೋರಿನ ಸದ್ದು ಕೋವಿಯ ಹತ್ತಿರ 150 ಡೆಸಿಬೆಲ್ ದಾಟುತ್ತದೆ. ಫೋನಿನ ಮೈಕು ಸುಮಾರು 120ಕ್ಕೇ ಸುಸ್ತಾಗುತ್ತದೆ. ಅದರ ಮೇಲೆ ಫೋನು ತಾನಾಗಿ ಧ್ವನಿ ತಗ್ಗಿಸುವುದರಿಂದ ಗುಂಡಿನ ನಂತರದ ಒಂದೆರಡು ಕ್ಷಣ, ಅಂದರೆ ಕಣಿವೆಯ ಪ್ರತಿಧ್ವನಿ, ಜನರ ಕೂಗು ಎಲ್ಲವೂ ಅಳಿಸಿಹೋಗುತ್ತದೆ. ಕೊಡಗಿನಲ್ಲಿ ಗುಂಡಿನ ಸದ್ದಿಗೆ ಜೀವ ಕೊಡುವುದು ಬೆಟ್ಟಕ್ಕೆ ಬಡಿದು ಬರುವ ಆ ಎರಡನೆಯ ಸದ್ದು. ಅದು ಸಿಗಬೇಕಾದರೆ ಮೈಕನ್ನು ದೂರ ಒಯ್ಯಬೇಕು. ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ: 1 ಮೀಟರಿನಿಂದ 16 ಮೀಟರಿಗೆ ಹೋದರೆ 24 ಡೆಸಿಬೆಲ್. ರೆಕಾರ್ಡರನ್ನು ನಿಮ್ಮ ಹಿಂದೆ, ಪಕ್ಕಕ್ಕೆ 15–20 ಮೀಟರಿನಲ್ಲಿ, ಗಾಳಿ ತಡೆಯುವ ತುಪ್ಪಳದ ಟೋಪಿ ಹಾಕಿ ಇಡಿ. ಆಟೊ ಲೆವೆಲ್ ಆರಿಸಿ, ಅಲ್ಲಿ ನಿಂತು ಮಾತಾಡಿದಾಗ ಸೂಚಕ -30 ಡೆಸಿಬೆಲ್ ಹತ್ತಿರ ಬರುವಂತೆ ತಗ್ಗಿಸಿ. 32 ಬಿಟ್ ಫ್ಲೋಟ್ ರೆಕಾರ್ಡರ್ (ತೀರ ಮೆಲು, ತೀರ ಜೋರು ಸದ್ದು ಎರಡನ್ನೂ ಒಟ್ಟಿಗೆ ಹಿಡಿಯುವಂಥದ್ದು) ಇದ್ದರೆ ಲೆವೆಲ್ ಚಿಂತೆ ಕಡಿಮೆ, ಆದರೆ ಮೈಕಿನ ಪೊರೆಯೇ ತಡೆಯದಷ್ಟು ಸದ್ದು ಬಂದರೆ ಅದರಿಂದಲೂ ಉಪಯೋಗವಿಲ್ಲ. ದೂರ ಇಡಲೇಬೇಕು. ನಿಮ್ಮ ಮಾತನ್ನು ಮುಖದ ಕ್ಯಾಮೆರಾದಿಂದ, ಗುಂಡಿನ ಸದ್ದನ್ನು ರೆಕಾರ್ಡರಿನಿಂದ ತೆಗೆದು ಜೋಡಿಸಿ.

ಜೋಡಿಸುವಾಗ ಒಂದು ಸೂಕ್ಷ್ಮ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಫ್ರೇಮಿನ ವಿಡಿಯೊದಲ್ಲಿ ಪ್ರತಿ 11 ಮೀಟರಿಗೆ ಒಂದು ಫ್ರೇಮ್ ತಡ. ಚಪ್ಪಾಳೆಯ ಚಿತ್ರಕ್ಕೆ ಚಪ್ಪಾಳೆಯ ಸದ್ದು ಕೂಡಿಸಿದರೆ ರೆಕಾರ್ಡರಿನ ತಡ ಅಲ್ಲೇ ಸರಿಹೋಗುತ್ತದೆ. ಕಾಯಿಯ ಪಕ್ಕದ ಫೋನಿಗೆ 12 ಬೋರಿನ ಸದ್ದೂ ಚರೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಅಲ್ಲಿ ಗುಂಡಿನ ಸದ್ದು ಮೊದಲು, ಸಿಡಿತ ಆಮೇಲೆ ಎಂದು ಎಳೆದು ಹಿಗ್ಗಿಸಿದರೆ ಬಲ್ಲವರಿಗೆ ಸುಳ್ಳು ಗೊತ್ತಾಗುತ್ತದೆ. ನಿಂತ ಜಾಗದಿಂದ ನೋಡುವಾಗ ಮಾತ್ರ ಕಾಯಿ ಒಡೆದ ಸದ್ದು ಗುಂಡಿನ ಬಳಿಕ 0.18 ಸೆಕೆಂಡಿಗೆ ಬರುತ್ತದೆ. ಆ ಪುಟ್ಟ ಅಂತರವನ್ನು ಹಾಗೇ ಬಿಡಿ.

ಕೈಲ್‌ಪೊಳ್ದ್ ಬೆಳಗಿನ ಪೂಜೆಯನ್ನೂ ಸೇರಿಸುವಿರಾದರೆ, ಕೋವಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವಿನ ಕೆಂಪು ಫೋನಿನಲ್ಲಿ ಬಲು ಬೇಗ ಬಳಿದಂತಾಗುತ್ತದೆ. ಬೆಳಕನ್ನು ಅರ್ಧದಿಂದ ಮುಕ್ಕಾಲು ಹಂತ ಕಡಿಮೆ ಮಾಡಿ, ದೀಪದ ಹಳದಿ ಉಳಿಯಲು ವೈಟ್ ಬ್ಯಾಲೆನ್ಸ್ 3000 ಕೆಲ್ವಿನ್ ಸುತ್ತ ಲಾಕ್ ಮಾಡಿ. ಎಲ್‌ಇಡಿ ಲೈಟು ಹಾಕಬೇಡಿ, ನೆಲ್ಲಕ್ಕಿಯ (ಕೊಡವ ಮನೆಯ ನಡುಮನೆಯ) ದೀಪದ ಬೆಳಕು ಸತ್ತೇಹೋಗುತ್ತದೆ. ಮಳೆಗೆ ಕೊಡೆ ಸಾಕು, ಆದರೆ ರೆಕಾರ್ಡರ್ ಮೇಲೆ ಕೊಡೆ ಬೇಡ, ಹನಿ ಬೀಳುವ ಸದ್ದೇ ತುಂಬುತ್ತದೆ. ಎಸಿ ಕಾರಿನಿಂದ ತೆಗೆದ ಕ್ಯಾಮೆರಾಕ್ಕೆ ಮಂಜು ಹಿಡಿಯುವುದು ಖಂಡಿತ. ಅರ್ಧ ಗಂಟೆ ಮೊದಲೇ ಚೀಲದಲ್ಲಿ ಹೊರಗಿಡಿ.

ಹಂದಿಯ ವಿಷಯಕ್ಕೆ ಬಂದರೆ, ಅಲ್ಲಿ ನಿಮ್ಮ ಜಾಗದಲ್ಲಿ ಕಾಯುವುದು ಪ್ರಾಣಿ ಎದುರು ಬಂದಾಗ ತಾನಾಗಿ ಚಿತ್ರ ತೆಗೆಯುವ ಟ್ರ್ಯಾಪ್ ಕ್ಯಾಮೆರಾ. ನೆಲ ಉತ್ತಂತೆ ಕೆದಕಿರುವುದು, ಹೊರಳಾಡಿದ ಕೆಸರು ಹೊಂಡ, ಮೊಣಕಾಲೆತ್ತರಕ್ಕೆ ಮರಕ್ಕೆ ಉಜ್ಜಿದ ಕೆಸರು, ಬೇಲಿಯಡಿಯ ನುಸುಳುಗಂಡಿ, ಇವು ಸಿಕ್ಕರೆ ದಾರಿ ಸಿಕ್ಕಂತೆ. ಕ್ಯಾಮೆರಾವನ್ನು ದಾರಿಯಿಂದ 3–5 ಮೀಟರ್ ದೂರ, 60–75 ಸೆಂಟಿಮೀಟರ್ ಎತ್ತರದಲ್ಲಿ, ದಾರಿಗೆ ಓರೆಯಾಗಿ 45 ಡಿಗ್ರಿಯಲ್ಲಿ ಕಟ್ಟಿ. ನೇರ ಅಡ್ಡವಾಗಿ ಕಟ್ಟಿದರೆ ಕ್ಯಾಮೆರಾ ಎದ್ದೇಳುವಷ್ಟರಲ್ಲಿ ಬಾಲ ಮಾತ್ರ ಉಳಿದಿರುತ್ತದೆ. ದಾರಿಯ ಉದ್ದಕ್ಕೇ ನೋಡುವಂತಿದ್ದರೆ ಎದುರಿನಿಂದ ಬರುವ ಪ್ರಾಣಿಯನ್ನು ಶಾಖದ ಸೆನ್ಸರ್ ತಡವಾಗಿ ಹಿಡಿಯುತ್ತದೆ. ಲೆನ್ಸಿನ ಮುಂದಿನ 2 ಮೀಟರಿನಲ್ಲಿ ಹುಲ್ಲು, ಎಲೆ ಇದ್ದರೆ ರಾತ್ರಿ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಅದೊಂದೇ ಬೆಳ್ಳಗೆ, ಉಳಿದದ್ದು ಕಪ್ಪು. ಅಷ್ಟನ್ನು ಮಾತ್ರ ಸವರಿ. 850 ನ್ಯಾನೊಮೀಟರಿನ ದೀಪ ದೂರಕ್ಕೆ ಹೋಗುತ್ತದೆ, ಆದರೆ ಮಂದ ಕೆಂಪಾಗಿ ಕಾಣುತ್ತದೆ. 940ರದ್ದು ಕಣ್ಣಿಗೆ ಕಾಣದು, ಕಳ್ಳರಿಗೂ ಕಾಣದು. ಸಾದಾ ಅಲ್ಕಲೈನ್ ಸೆಲ್ಲುಗಳು ರಾತ್ರಿ ದೀಪದ ಭಾರಕ್ಕೆ ಕುಸಿಯುತ್ತವೆ. ಲಿಥಿಯಂ ಸೆಲ್ ಹಾಕಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಎರಡು ವಾರಕ್ಕೊಮ್ಮೆ ಬದಲಿಸಿ, ಇರುವೆ ಗೂಡು ಮಾಡಿದೆಯೇ ನೋಡಿ. ದಿನಾಂಕ, ಸಮಯ ಬೀಳುವಂತೆ ಇಟ್ಟರೆ ಬೆಳೆಹಾನಿ ಪರಿಹಾರದ ಅರ್ಜಿಗೂ ಆ ಚಿತ್ರ ಉಪಯೋಗಕ್ಕೆ ಬಂದೀತು.

ನೀವೇ ಕೂತು ತೆಗೆಯುವುದಾದರೆ ಗಾಳಿಯೇ ಎಲ್ಲ. ಹಂದಿಯ ಕಣ್ಣು ಮಂದ, ಮೂಗು ಬಲು ಚುರುಕು. ಬಿಸಿಲೇರಿದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತದೆ, ಆಗ ಹಂದಿಯ ದಾರಿಗಿಂತ ಮೇಲೆ ಕೂರಿ. ಸಂಜೆ ತಣ್ಣಗಾದಂತೆ ಕೆಳಕ್ಕೆ ಹರಿಯುತ್ತದೆ, ಆಗ ಕೆಳಗೆ ಕೂರಿ. ಆನೆ ಓಡಾಡುವ ತೋಟವಾದರೆ, ಅದರಲ್ಲೂ ಹಲಸು ಹಣ್ಣಾಗುವ ಕಾಲದಲ್ಲಿ, ಕತ್ತಲಾಗುವ ಮೊದಲೇ ಮನೆ ಸೇರಿ. ಉಳಿದದ್ದನ್ನು ಕಟ್ಟಿಟ್ಟ ಕ್ಯಾಮೆರಾ ನೋಡಿಕೊಳ್ಳಲಿ. ಡ್ರೋನ್ ಬೇಡ: ಅದರ ಗುಂಯ್‌ಗುಡುವಿಕೆಗೆ ಗಾಬರಿಯಾದ ಆನೆ ಕಾರ್ಮಿಕರ ಲೈನ್‌ಮನೆ ಕಡೆ ನುಗ್ಗಿದರೆ ತಡೆಯುವವರಿಲ್ಲ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಸಂರಕ್ಷಿತ ಕಾಡುಗಳ ಗಡಿಯೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದೆ ಕೋವಿ ಒಯ್ಯುವಂತಿಲ್ಲ.

ಹಾಕುವ ಮೊದಲು ವಿಡಿಯೊವನ್ನು ಒಮ್ಮೆ ಕಳ್ಳನ ಕಣ್ಣಿನಿಂದ ನೋಡಿ. ಕೋವಿಯ ನಂಬರು, ವಿನಾಯಿತಿ ಪತ್ರ, ಕೋವಿ ಇಡುವ ಬೀರು, ಮನೆಗೆ ಬರುವ ದಾರಿ ಎಲ್ಲಾದರೂ ಕಂಡರೆ ಆ ತುಂಡು ತೆಗೆಯಿರಿ ಅಥವಾ ಮಸುಕು ಮಾಡಿ. ಪಕ್ಕದ ಮನೆಯ ಮಕ್ಕಳ ಮುಖವಿದ್ದರೆ ಅವರ ಅಪ್ಪ ಅಮ್ಮನನ್ನು ಕೇಳಿ. ಟ್ರ್ಯಾಪ್ ಕ್ಯಾಮೆರಾದಲ್ಲಿ ಪುನುಗು ಬೆಕ್ಕೋ ಹುಲಿಯೋ ಬಿದ್ದಿದ್ದರೆ ತೋಟದ ಹೆಸರು ಹೇಳಬೇಡಿ, ಫೋನಿನ ಸೆಟ್ಟಿಂಗ್‌ನಲ್ಲಿ ಸ್ಥಳದ ಮಾಹಿತಿ ಆರಿಸಿಟ್ಟೇ ಫೈಲು ಹೊರಗೆ ಕಳಿಸಿ.